ಹನ್ನೆರಡು ಕೆಂಪು ಹೊಲಿಗೆ

ಆ ಬೆಳಿಗ್ಗೆ ಆಲಿಕಲ್ಲು ಬಿತ್ತು.

ಮಳೆಯ ಸುಳಿವೇ ಇರಲಿಲ್ಲ. ಜನ ಹಲ್ಲುಜ್ಜಿ ಮುಖ ಒರೆಸಿಕೊಳ್ಳುವ ಹೊತ್ತಿಗೆ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತು. ಮೇಲೆ ಯಾರೋ ಗೋಣಿಚೀಲದ ಬಾಯಿ ಬಿಚ್ಚಿದ ಹಾಗೆ ಹತ್ತೇ ನಿಮಿಷ ಸುರಿದು, ಆಮೇಲೆ ಏನೂ ನಡೆದಿಲ್ಲವೆಂಬಂತೆ ಎಳೆಬಿಸಿಲು ಬಿಟ್ಟಿತು. ಸುರಿಯುವುದು ದೇವರ ಕೆಲಸ, ಗುಡಿಸುವುದು ಮನುಷ್ಯರ ಪಾಲು. ಹಳೇ ಕಾರುಗಳ ವ್ಯಾಪಾರಿ ಪೊರಕೆ ಹಿಡಿದು ತನ್ನ ಅಂಗಳವನ್ನು ಗುಡಿಸುತ್ತಲೇ ಇದ್ದ.

ಹೊರಗೆ ನಿಂತಿದ್ದ ಆರು ಕಾರುಗಳ ನೆತ್ತಿಯೂ ಸಿಡುಬು ಬಿದ್ದ ಮುಖದಂತಾಗಿತ್ತು. ಆದರೂ ವ್ಯಾಪಾರಿಯ ಮುಖದಲ್ಲಿ ದುಃಖವಿರಲಿಲ್ಲ.

"ಇವೆಲ್ಲ ಹಾಳಾಗಿ ಹೋಗ್ಲಿ ಬಿಡಿ. ನನ್ನ ರಾಣಿಗೆ ಒಂದು ಗೀರೂ ಬಿದ್ದಿಲ್ಲ. ಶೆಡ್ಡಿನ ತಗಡು ತೂತು, ಅದಕ್ಕೇ ಹೆಂಡ್ತೀನ ಎಬ್ಬಿಸಿ, ಅವಳ ಕೆಳಗಿನ ಹಾಸಿಗೇನೇ ಎಳ್ಕೊಂಡು ಬಂದು ಹೊದಿಸ್ದೆ."

"ಹೆಂಡ್ತಿ ಏನಂದ್ರು?" ಎಂದು ಭೂತಗನ್ನಡಿ ಕೇಳಿದ.

"ಇನ್ನೂ ಏನೂ ಅಂದಿಲ್ಲ. ಅದೇ ನನಗೆ ಭಯ."

ಭೂತಗನ್ನಡಿ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಬೆರಳಚ್ಚು, ಬಣ್ಣದ ಚೂರು, ಕೂದಲೆಳೆ ನೋಡಿ ನೋಡಿ ಕಣ್ಣು ಸವೆಸಿಕೊಂಡವನಿಗೆ ಸಹೋದ್ಯೋಗಿಗಳು ಇಟ್ಟ ಹೆಸರು. ನಿವೃತ್ತಿಯಾದರೂ ಹೆಸರು ಉಳಿಯಿತು. ಜೇಬಿನಲ್ಲಿ ಆ ಗಾಜೂ ಉಳಿಯಿತು.

ಅವನ ಹಿಂದೆ ಅವನ ಅಕ್ಕ ನಿಂತಿದ್ದಳು. ಕಾರಿನ ಸೀಟು ಹೊಲಿಯುವವಳು, ಅರವತ್ತೆಂಟು ವಯಸ್ಸು, ಹೆಬ್ಬೆರಳಿನ ತುದಿ ಸೀಟಿನ ಚರ್ಮದಷ್ಟೇ ಗಟ್ಟಿ. ಅವಳ ಪಕ್ಕದಲ್ಲಿ ಔಷಧಿಯ ಚೀಲ ಹಿಡಿದ ಡಾಕ್ಟರು. ಅಕ್ಕನ ರಕ್ತದೊತ್ತಡವನ್ನು ಎಂಟು ವರ್ಷದಿಂದ ವಾರಕ್ಕೊಮ್ಮೆ ಮನೆಗೇ ಬಂದು ನೋಡುವ ಪುಣ್ಯಾತ್ಮರು. ಇವತ್ತೂ ತಮ್ಮ ಗಾಡಿಯಲ್ಲೇ ಇಬ್ಬರನ್ನೂ ಕರೆತಂದಿದ್ದರು.

"ಅಕ್ಕ, ಉಸಿರು ಜೋರಾಯ್ತು ಅನ್ನಿಸಿದ್ರೆ ಹೇಳು. ಹೊರಟುಬಿಡೋಣ," ಎಂದರು ಡಾಕ್ಟರು.

"ಎಂಟು ವರ್ಷದಿಂದ ಜೋರಾಗೇ ಇದೆ, ಡಾಕ್ಟ್ರೇ. ಇನ್ನರ್ಧ ಗಂಟೆ ತಡೀತದೆ."

ಪತ್ರಿಕೆಯ ಜಾಹೀರಾತು ಅವಳ ಕೈಚೀಲದಲ್ಲಿತ್ತು. 'ಅಪ್ಪಟ ಬ್ರಿಟಿಷ್ ಸ್ಪೋರ್ಟ್ಸ್ ಕೂಪೆ. ಎರಡು ಬಾಗಿಲು, ಅರವತ್ತು ವರ್ಷ ಪ್ರಾಯ. ಎಂಜಿನ್ ಬಿಚ್ಚಿ ಕಟ್ಟಲಾಗಿದೆ, ಹೊಸ ಬಣ್ಣ. ಸೀಟುಗಳು ಮಾತ್ರ ಮೂಲದವು, ಮುಟ್ಟಿಲ್ಲ.' ಕೆಳಗೆ ಎರಡು ಚಿತ್ರ. ಮೊದಲನೆಯ ಚಿತ್ರ ನೋಡಿ ಊರವರೆಲ್ಲ ಬಾಯಿ ಬಿಟ್ಟಿರಬೇಕು. ಎರಡನೆಯದನ್ನು ನೋಡಿ ಅಕ್ಕ ಕೈಯಲ್ಲಿದ್ದ ಕತ್ತರಿಯನ್ನು ಕಾಲಮೇಲೆ ಬೀಳಿಸಿಕೊಂಡಿದ್ದಳು. ಅದು ಚಾಲಕನ ಸೀಟಿನ ಚಿತ್ರ.

ಎಂಟು ವರ್ಷದ ಹಿಂದೆ ಸುಟ್ಟು ಬೂದಿಯಾದ ಕಾರಿನ ಸೀಟು ಅದು. ಆ ಕಾರಿನಲ್ಲಿ ಒಬ್ಬ ಮನುಷ್ಯನೂ ಸುಟ್ಟಿದ್ದ. ಅವನನ್ನು ಕೊಂದವನೆಂದು ಅಕ್ಕನ ಒಬ್ಬನೇ ಮಗ ಜೈಲಿನಲ್ಲಿದ್ದ.

"ಹಾಸಿಗೆ ತೆಗೀರಿ, ನೋಡೋಣ," ಎಂದ ಭೂತಗನ್ನಡಿ.

"ನೋಡೋದಕ್ಕೇನೂ ದೋಷವಿಲ್ಲ. ಆದ್ರೆ ಬೇರೆಯವರಿಗೆ ಮಾತಾಗಿಬಿಟ್ಟಿದೆ. ಹನ್ನೊಂದಕ್ಕೆ ಲಾರಿ ಬರುತ್ತೆ."

ಶೆಡ್ಡಿನ ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ ಇಪ್ಪತ್ತು ನಿಮಿಷ.

ಹಾಸಿಗೆ ಜಾರಿತು. ಕೆನೆಯ ಬಣ್ಣದ ಕಾರು ಬಿಸಿಲ ಕೋಲಿಗೆ ಮೈಯೊಡ್ಡಿ ನಿಂತಿತು. ಉದ್ದ ಮೂತಿ, ಚಿಕ್ಕ ಬೆನ್ನು, ಕಡ್ಡಿಗಳಿಂದ ಹೆಣೆದ ಚಕ್ರ. ಓಡಲು ಹೊರಟ ಪ್ರಾಣಿ ಹಿಂಗಾಲ ಮೇಲೆ ಕುಳಿತ ಹಾಗೆ. ಭೂತಗನ್ನಡಿಗೆ ಒಂದು ಕ್ಷಣ ಬಂದ ಕೆಲಸವೇ ಮರೆತುಹೋಯಿತು. ಮನುಷ್ಯ ಕೈಯಿಂದ ಮಾಡಿದ ವಸ್ತುವಿನಲ್ಲೂ ಒಮ್ಮೊಮ್ಮೆ ಕೈಮುಗಿಯುವಂಥದ್ದು ಏನೋ ಬಂದು ಕೂತಿರುತ್ತದೆ.

ವ್ಯಾಪಾರಿ ಬಾಗಿಲು ತೆರೆದ. "ಈ ಸೀಟು ನೋಡಿ. ಎಂಟು ನೆರಿಗೆ. ಎಡಗಡೆಯ ಎರಡು ಮಾತ್ರ ಒಂದು ಬೆರಳಿನಷ್ಟು ಹೆಚ್ಚು ಅಗಲ. ಯಾಕೆ ಹೇಳಿ? ಯಂತ್ರದ್ದಲ್ಲ, ಕೈಕೆಲಸ! ಬ್ರಿಟಿಷ್ ಕುಶಲಕರ್ಮಿ, ಅವನ ಕಣ್ಣಳತೆ, ಅವನ ಗುರುತು. ಈ ಕಾಲದಲ್ಲಿ ಯಾರಿಗೆ ಬರುತ್ತೆ ಈ ಕೆಲಸ?"

"ನನಗೆ ಬರುತ್ತೆ," ಎಂದಳು ಅಕ್ಕ. "ಆ ಬ್ರಿಟಿಷಿನವನು ನಾನೇ."

ವ್ಯಾಪಾರಿ ನಕ್ಕ. ಉಳಿದವರು ಯಾರೂ ನಗದ್ದನ್ನು ನೋಡಿ ಅವನ ನಗು ಅರ್ಧಕ್ಕೇ ನಿಂತಿತು.

ಭೂತಗನ್ನಡಿ ಬಾಗಿಲಿನ ಅಂಚಿಗೆ ಮೊಣಕಾಲೂರಿ ಕೂತ. ಅಂಚಿನ ರಬ್ಬರಿನ ಪಟ್ಟಿಯನ್ನು ಉಗುರಿನಿಂದ ಎರಡಂಗುಲ ಎಬ್ಬಿಸಿ ಗಾಜು ಹಿಡಿದ. ಕೆನೆಬಣ್ಣದ ಕೆಳಗೆ ಬೂದುಬಣ್ಣ, ಅದರ ಕೆಳಗೆ ಬಾಟಲಿಯ ಗಾಜಿನಂಥ ಕಡುಹಸಿರು.

"ಹಸಿರು, ಅಕ್ಕ."

"ಮತ್ತೇನು ನೀಲಿ ಇರುತ್ತಾ? ನನ್ನ ಮಗನೇ ಬಳಿದಿದ್ದು. ಮೂರು ಕೋಟು. ಆ ವಾರವೆಲ್ಲ ಅವನ ಊಟದಲ್ಲೂ ಬಣ್ಣದ ವಾಸನೆ." ಅವಳ ದನಿ ಅಲುಗಲಿಲ್ಲ. ಕೈ ಮಾತ್ರ ಕೈಚೀಲದ ಹಿಡಿಯನ್ನು ಹಿಂಡುತ್ತಿತ್ತು.

ಆ ಕಾರನ್ನು ಸಿದ್ಧ ಮಾಡಿದ್ದು ತಾಯಿ ಮಗ ಇಬ್ಬರೇ. ಎಂಜಿನ್ನು, ಬ್ರೇಕು, ಬಣ್ಣ ಮಗನದು. ಚರ್ಮ, ಬಟ್ಟೆ ತಾಯಿಯದು. ಅದರ ಯಜಮಾನ ಊರಿನ ದೊಡ್ಡ ಗಡಿಯಾರದಂಗಡಿಯವನು. ಒಂದು ನಿಮಿಷ ತಡವಾಗಿ ಬಂದವರ ಮುಖ ನೋಡದ ಮನುಷ್ಯ. ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಾಲು ಸೊರಗಿ ಬಲಗಾಲಿಗಿಂತ ಎರಡು ಬೆರಳಿನಷ್ಟು ಗಿಡ್ಡವಾಗಿತ್ತು. ಅವನು ನೇರ ಕೂರಲೆಂದೇ ಅಕ್ಕ ಸೀಟಿನ ಎಡಭಾಗಕ್ಕೆ ಕುದುರೆಕೂದಲು ಹೆಚ್ಚಾಗಿ ತುಂಬಿದ್ದಳು. ಅದು ಹೊರಗೆ ಕಾಣಬಾರದೆಂದು ಎರಡು ನೆರಿಗೆ ಅಗಲ ಮಾಡಿದ್ದಳು.

ಕಾರು ಕೊಂಡೊಯ್ಯುವ ದಿನ ಮಗ ಬೇಡವೆಂದ. ಬ್ರೇಕನ್ನು ಇನ್ನೂ ಎರಡು ದಿನ ಪರೀಕ್ಷಿಸಬೇಕೆಂದ. ಹೇಳಿದ ದಿನಕ್ಕೆ ಕೊಡಲೇಬೇಕೆಂದು ಯಜಮಾನ ಪಟ್ಟುಹಿಡಿದ. ಬೀದಿಯ ತುಂಬ ಜನ ಕೇಳುವಂತೆ ಮಗ ಕೂಗಿದ: "ತಗೊಂಡು ಹೋಗಿ! ಇದರಲ್ಲೇ ಸಾಯ್ತೀರಿ!"

ಹತ್ತನೆಯ ದಿನ ಗುಡ್ಡದ ತಿರುವಿನಲ್ಲಿ ಕಾರು ಕಂದಕಕ್ಕೆ ಬಿದ್ದು ಹೊತ್ತಿ ಉರಿಯಿತು. ಬ್ರೇಕಿನ ಕೊಳವೆಗೆ ಗರಗಸ ಹಾಕಿದ ಗುರುತು ಸಿಕ್ಕಿತು. ಒಳಗಿದ್ದ ದೇಹ ಗುರುತು ಸಿಗದಷ್ಟು ಕರಕಲಾಗಿತ್ತು. ಎಡಗಾಲಿನ ಮೂಳೆ ನೋಡಿ ಬಾಲ್ಯದ ಗೆಳೆಯನನ್ನು ಗುರುತಿಸುವ ಕಷ್ಟ ಪಾಪ ಡಾಕ್ಟರ ಪಾಲಿಗೇ ಬಂತು. ಬಿಡಿಭಾಗಕ್ಕೆಂದು ಯಜಮಾನ ಕೊಂಡಿಟ್ಟಿದ್ದ ಎರಡನೇ ಕಾರೊಂದು ಇತ್ತು, ಸುಟ್ಟಿದ್ದು ಅದೇ ಇರಬೇಕು ಎಂದು ಮಗ ನ್ಯಾಯಾಲಯದಲ್ಲಿ ಎಷ್ಟು ಬೇಡಿಕೊಂಡರೂ ಆ ಕಾರು ಎಲ್ಲೂ ಸಿಗಲಿಲ್ಲ. ಬೀದಿಯ ಆ ಒಂದು ಕೂಗು ಮಾತ್ರ ಎಲ್ಲರ ಕಿವಿಯಲ್ಲಿ ಉಳಿದಿತ್ತು. ಸ್ವಂತ ಸೋದರಳಿಯನೆಂಬ ಕಾರಣಕ್ಕೆ ಭೂತಗನ್ನಡಿಯನ್ನು ಆ ತನಿಖೆಯ ಹತ್ತಿರವೂ ಬಿಡಲಿಲ್ಲ.

"ಅಂದ್ರೆ ನೀವು ಕೊಳ್ಳೋಕೆ ಬಂದವರಲ್ಲ," ಎಂದ ವ್ಯಾಪಾರಿ. ಪೊರಕೆ ಇನ್ನೂ ಕೈಯಲ್ಲೇ ಇತ್ತು. ಅದನ್ನು ಅವನು ಕೋಲಿನಂತೆ ಅಡ್ಡ ಹಿಡಿದ. "ಹಸಿರು ಕಾರು ಊರಲ್ಲಿ ಇದೊಂದೇನಾ? ನೆರಿಗೆ ಅಗಲ ಇದ್ರೆ ಅದು ಇವರದೇ ಅಂತ ಏನು ಬರೆದಿದೆಯಾ?"

"ಬರೆದಿದೆ," ಎಂದಳು ಅಕ್ಕ. "ಕೆಳಗಡೆ ಬರೆದಿದೆ. ಸ್ವಲ್ಪ ಸರೀರಿ."

"ಸೀಟು ಮುಟ್ಟಬೇಡಿ! ಕೊಂಡವರು ಹೊಸ ಚರ್ಮ ಹಾಕಿಸ್ತಾರಂತೆ, ಮಧ್ಯಾಹ್ನವೇ ಬಿಚ್ಚಿಸ್ತಾರಂತೆ. ಅಲ್ಲೀತನಕ ನಾನು ಜವಾಬ್ದಾರಿ."

ಭೂತಗನ್ನಡಿ ಗೋಡೆಯ ಗಡಿಯಾರದತ್ತ ನೋಡಿದ. ಮಧ್ಯಾಹ್ನ ಆ ಸೀಟು ಬಿಚ್ಚಿದರೆ ಅಳಿಯನ ಪಾಲಿನ ಒಂದೇ ಸಾಕ್ಷಿ ಕಸದ ಗುಡ್ಡೆ ಸೇರುತ್ತದೆ. ಇನ್ನೂ ಆರು ವರ್ಷದ ಶಿಕ್ಷೆ ಉಳಿದಿತ್ತು. ಅಕ್ಕನ ಎದೆ ಆರು ವರ್ಷ ತಡೆಯುವುದಿಲ್ಲವೆಂದು ಡಾಕ್ಟರೇ ಹೇಳಿದ್ದರು.

"ಒಂದು ಕೆಲಸ ಮಾಡಿ," ಎಂದ ಅವನು ಮೆತ್ತಗೆ. "ನಾವು ಮುಟ್ಟೋದು ಬೇಡ. ನೀವೇ ಕೂತು ತೋರಿಸಿ."

ವ್ಯಾಪಾರಿ ಅನುಮಾನದಿಂದಲೇ ಕೂತ. ಸ್ಟೀರಿಂಗ್ ಹಿಡಿದ. ಅವನ ಬಲಭುಜ ತಾನಾಗಿ ಕೆಳಗಿಳಿಯಿತು.

"ನೇರ ಕೂತ್ಕೊಳ್ಳಿ."

"ನೇರಾನೇ ಕೂತಿದೀನಿ!"

"ಕೂತಿಲ್ಲ. ತಕ್ಕಡಿ ಥರ ವಾಲಿದೀರಿ," ಎಂದಳು ಅಕ್ಕ. "ನಿಮ್ಮದೇನೂ ತಪ್ಪಿಲ್ಲ. ನಾನು ಆ ಸೀಟನ್ನ ಭೂಮಿ ಮೇಲಿರೋ ಒಬ್ಬನೇ ಒಬ್ಬ ಮನುಷ್ಯನಿಗೆ ಅಂತ ಹೊಲಿದಿದ್ದು. ಬೇರೆ ಯಾರು ಕೂತ್ರೂ ವಾಲಬೇಕು. ಇಳೀರಿ ಈಗ."

ಅವಳ ದನಿಯಲ್ಲಿ ಏನಿತ್ತೋ, ವ್ಯಾಪಾರಿ ಶಾಲೆಯ ಹುಡುಗನಂತೆ ಇಳಿದು ಪಕ್ಕಕ್ಕೆ ನಿಂತ.

ಅಕ್ಕ ಕಣ್ಣು ಮುಚ್ಚಿದಳು. ಯಾವ ಹೊಲಿಗೆಗೆ ಕೈ ಹಾಕುವ ಮುಂಚೆಯೂ ಅವಳು ಹೀಗೆ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಿದ್ದಳು. ಯಾರನ್ನು ನೆನೆಯುತ್ತಾಳೆಂದು ತಮ್ಮ ಎಂದೂ ಕೇಳಿರಲಿಲ್ಲ. ಆಮೇಲೆ ಬಾಗಿ, ಸೀಟಿನ ಮುಂದಿನ ಅಂಚಿನ ಅಡಿಗೆ ಕೈ ತೂರಿಸಿದಳು. ಬೆರಳುಗಳು ಕತ್ತಲಲ್ಲಿ ಹರಿದಾಡುವ ಸದ್ದು ಕೇಳುತ್ತಿತ್ತು.

"ಒಂದು. ಎರಡು. ಮೂರು..."

ಹನ್ನೆರಡರ ತನಕ ಎಣಿಸಿದಳು.

"ನೋಡೋ," ಎಂದಳು. ಭೂತಗನ್ನಡಿ ನೆಲದ ಮೇಲೆ ಮಲಗಿ ಟಾರ್ಚು ಬಿಟ್ಟ. ಕಪ್ಪು ಹೊಲಿಗೆಯ ಸಾಲಿನ ಕೊನೆಯಲ್ಲಿ, ಸಡಿಲವಾಗಿ ಜೋತ ಹನ್ನೆರಡು ಹೊಲಿಗೆ. ಕೆಂಪು ದಾರ.

ಇದು ಅವರ ಮನೆಯ ಕೆಲಸದ ಕ್ರಮ, ಅಪ್ಪನ ಕಾಲದಿಂದ ಬಂದದ್ದು. ಹೊಸ ಚರ್ಮ ಒಂದು ತಿಂಗಳು ಮೈಭಾರಕ್ಕೆ ಹಿಗ್ಗುತ್ತದೆ. ಅದಕ್ಕೇ ಕೊನೆಯ ಹನ್ನೆರಡು ಹೊಲಿಗೆಯನ್ನು ಕೆಂಪು ದಾರದಲ್ಲಿ ಸಡಿಲ ಬಿಟ್ಟು ಕಾರು ಕೊಡುವುದು, ತಿಂಗಳು ತುಂಬಿದ ದಿನ ತರಿಸಿಕೊಂಡು ಬಿಗಿಯುವುದು. ಗಿರಾಕಿಗಳು ಮರೆತುಬಿಡುತ್ತಾರೆಂದು ಅಪ್ಪ ಒಂದು ಉಪಾಯ ಮಾಡಿದ್ದ. ಹೊಲಿಯುವಾಗ ಬೆರಳಿಗೆ ತೊಡುವ ತನ್ನ ಹಿತ್ತಾಳೆಯ ಅಂಗುಸ್ತಾನವನ್ನು ಅವರ ಕೈಗೆ ಕೊಡುವುದು. "ಇದಿಲ್ಲದೆ ನನ್ನ ಕೆಲಸ ನಡೆಯಲ್ಲ, ತಿಂಗಳಿಗೆ ತಂದುಕೊಡಿ," ಎನ್ನುವುದು. ಎಂಥ ಮರೆವಿನವರೂ ಬಡಪಾಯಿಯ ಬೆರಳಿನ ಋಣ ಇಟ್ಟುಕೊಳ್ಳುತ್ತಿರಲಿಲ್ಲ. ಅಪ್ಪನ ಆ ಅಂಗುಸ್ತಾನ ಅಕ್ಕನಿಗೆ ಬಂತು. ಅಕ್ಕನಿಂದ ಗಡಿಯಾರದಂಗಡಿಯವನ ಕೈಗೆ ಹೋಯಿತು. ಅವನ ಜೊತೆ ಕಂದಕದಲ್ಲಿ ಬೆಂದುಹೋಯಿತೆಂದು ಎಲ್ಲರೂ ಅಂದುಕೊಂಡಿದ್ದರು. ಅಂದಿನಿಂದ ಅಕ್ಕ ಬರಿಬೆರಳಲ್ಲೇ ಹೊಲಿದಿದ್ದಳು.

"ಸಾಕಲ್ಲ ಅಕ್ಕ," ಭೂತಗನ್ನಡಿ ಎದ್ದು ಮೈ ಕೊಡವಿದ. "ಕಾರು ಇದೇ. ಸುಟ್ಟಿದ್ದು ಆ ಎರಡನೇ ಕಾರು. ನಿನ್ನ ಮಗ ಸತ್ಯ ಹೇಳಿದ್ದ. ಯಾರೋ ಯಜಮಾನನ್ನ ಕೊಂದು, ಆ ಹಳೇ ಕಾರಲ್ಲಿ ಸುಟ್ಟು, ಇದನ್ನ ಹೊಡ್ಕೊಂಡು ಹೋಗಿದಾರೆ."

ಅಕ್ಕನ ಅಂಗೈ ಈಗ ಸೀಟಿನ ಮೇಲಿತ್ತು. ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಎಡಗಡೆಯ ನೆರಿಗೆಗಳ ಮೇಲೆ ನಿಧಾನವಾಗಿ ಆಡುತ್ತಿತ್ತು. ಒಂದು ಕಡೆ ನಿಂತಿತು. ಮತ್ತೆ ಹಿಂದೆ ಬಂತು.

"ಇಲ್ಲ ಕಣೋ," ಎಂದಳು.

"ಏನಿಲ್ಲ?"

"ಕೈ ಇಡು ಇಲ್ಲಿ."

ಅವನು ಇಟ್ಟ. ಎಡಗಡೆಯ ಉಬ್ಬಿನ ನಡುವೆ ಮುಷ್ಟಿಯಷ್ಟೇ ಅಗಲದ ಒಂದು ತಗ್ಗು. ಅಂಗೈ ಅದರೊಳಗೆ ಬಟ್ಟಲಿಗೆ ಬಿದ್ದ ಹಾಗೆ ಇಳಿಯಿತು.

"ಮೈತುಂಬಿದವರು ಕೂತ್ರೆ ಸೀಟು ತಟ್ಟೆ ಥರ ತಗ್ಗಾಗುತ್ತೆ. ಈ ವ್ಯಾಪಾರಿಗೆ ಆ ಗುಣಿ ಗೊತ್ತೇ ಆಗಿಲ್ಲ ನೋಡು, ಮೇಲೇ ಕೂತ. ಇದು ಬರೀ ಮೂಳೆ ಕೂತು ಆಗಿರೋದು. ಸೊರಗಿದ ತೊಡೆಯ ಮೂಳೆ." ಅವಳು ಉಸಿರೆಳೆದುಕೊಂಡಳು. "ಕುದುರೆಕೂದಲು ಹತ್ತು ದಿನಕ್ಕೆ ಹೀಗೆ ಇಳಿಯಲ್ಲ. ಹತ್ತು ತಿಂಗಳಿಗೂ ಇಳಿಯಲ್ಲ. ನಾನು ನಾಲ್ಕು ಬೆರಳು ದಪ್ಪ ತುಂಬಿದ್ದೆ, ಈ ಗುಣೀಲಿ ಒಂದೂವರೆ ಉಳಿದಿದೆ. ಐದಾರು ವರ್ಷ, ದಿನಾ ಕೂತಿದಾನೆ."

"ಯಾರು?"

"ಯಾರಿಗೆ ಹೊಲಿದಿದ್ನೋ ಅವನೇ."

ಭೂತಗನ್ನಡಿ ಮೂವತ್ತು ವರ್ಷ ಸತ್ತವರ ಗುರುತುಗಳನ್ನು ಹುಡುಕಿದವನು. ಸತ್ತವನು ಸತ್ತಮೇಲೆ ಬಿಟ್ಟ ಗುರುತನ್ನು ಅವನು ಇದೇ ಮೊದಲು ಮುಟ್ಟಿದ್ದ. ಬಿಸಿ ತಾಗಿದಂತೆ ಅವನ ಕೈ ತಾನಾಗಿ ಹಿಂದೆ ಬಂತು.

ಅವನು ವ್ಯಾಪಾರಿಯತ್ತ ತಿರುಗಿದ. "ಯಾರು ಮಾರಿದ್ರು ನಿಮಗೆ?"

"ಕಾಗದಪತ್ರ ಎಲ್ಲ ಸರಿಯಾಗಿದೆ..."

"ಕಾಗದ ಕೇಳಲಿಲ್ಲ. ಕಾಲು ಕೇಳ್ತಿದೀನಿ. ಹೇಗೆ ನಡೆದುಕೊಂಡು ಬಂದ?"

ವ್ಯಾಪಾರಿಯ ಕೈಯಿಂದ ಪೊರಕೆ ಜಾರಿತು. "ಕೋಲು ಹಿಡ್ಕೊಂಡಿದ್ದ. ಎಡಗಾಲು ಎಳೀತಿದ್ದ." ಅವನು ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡ. "ನಾಲ್ಕು ತಿಂಗಳಾಯ್ತು. ಕಾಲು ಪೂರ್ತಿ ಸೋತಿದೆ, ಇನ್ನು ಓಡಿಸೋಕಾಗಲ್ಲ ಅಂದ. ಯಾವ ಬಣ್ಣ ಬೇಕಾದ್ರೂ ಹೊಡೀರಿ, ಸೀಟು ಮಾತ್ರ ಮುಟ್ಟಬೇಡಿ, ಅದನ್ನ ಹೊಲಿದ ಕೈ ದೊಡ್ಡದು ಅಂದ. ಹೋಗುವಾಗ ಮೂತಿ ತಟ್ಟಿ ಅತ್ತ. ಬ್ರಿಟಿಷ್ ಕೈಕೆಲಸ ಅಂತ ನಾನೇ ಸೇರಿಸಿದ್ದು. ವ್ಯಾಪಾರ, ತಪ್ಪು ತಿಳೀಬೇಡಿ."

"ಒಬ್ಬನೇ ಬಂದಿದ್ನಾ?"

ಈ ಸುಲಭದ ಪ್ರಶ್ನೆಗೆ ವ್ಯಾಪಾರಿ ತಡವರಿಸಿದ. ಅವನ ಕಣ್ಣು ಭೂತಗನ್ನಡಿಯ ಹೆಗಲ ಮೇಲಿಂದ ಹಿಂದಕ್ಕೆ ಹೋಯಿತು, ಅಲ್ಲಿ ನಿಂತಿತು, ತಟ್ಟನೆ ನೆಲಕ್ಕೆ ಬಿತ್ತು.

"ಅದು... ನನಗೆ ಅಷ್ಟು ನೆನಪಿಲ್ಲ."

ಹೊರಗೆ ಲಾರಿಯ ಹಾರನ್ನು ಕೇಳಿಸಿತು.

"ಗೇಟು ಮುಚ್ಚಿ. ಕಾರು ಈ ಜಾಗ ಬಿಟ್ಟು ಕದಲಬಾರದು. ಕದಲಿದ್ರೆ ಜೈಲಲ್ಲಿ ನನ್ನ ಅಳಿಯನ ಪಕ್ಕದ ಕೋಣೆ ನಿಮಗೇ," ಎಂದ ಭೂತಗನ್ನಡಿ. ವ್ಯಾಪಾರಿ ಓಡಿದ.

ಅಕ್ಕ ಕಾರಿನ ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು. ಅಳುತ್ತಿರಲಿಲ್ಲ. ಎರಡೂ ಕೈ ಮಡಿಲಲ್ಲಿ ಅಂಗಾತವಾಗಿದ್ದವು. ಬಲಗೈಯ ನಡುಬೆರಳ ತುದಿಯಲ್ಲಿ ಎಂಟು ವರ್ಷ ಬರಿಬೆರಳಿಗೆ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು.

"ಬದುಕಿದಾನೆ," ಎಂದಳು ಮೆಲ್ಲಗೆ. "ಅವನು ಈ ಸೀಟಲ್ಲಿ ಆರಾಮಾಗಿ ಕೂತಿದ್ದ. ನನ್ನ ಮಗ ಸಿಮೆಂಟಿನ ನೆಲದ ಮೇಲೆ ಕೂತಿದ್ದ. ಹಾಗಾದ್ರೆ ಆ ಕಂದಕದಲ್ಲಿ ಬೆಂದವನು ಯಾರೋ? ಅವನಿಗೂ ಒಬ್ಬಳು ತಾಯಿ ಇರಬೇಕಲ್ಲ?"

ಇನ್ನೊಂದು ಯೋಚನೆ, ಇಷ್ಟು ಹೊತ್ತು ಭೂತಗನ್ನಡಿಯ ಮನಸ್ಸಿನ ಬಾಗಿಲ ಹೊರಗೆ ಕಾದು ನಿಂತಿದ್ದದ್ದು, ಆಗ ಒಳಗೆ ಕಾಲಿಟ್ಟಿತು. ಕರಕಲಾದ ದೇಹದ ಎಡಗಾಲು ಎರಡು ಬೆರಳಿನಷ್ಟು ಗಿಡ್ಡ ಎಂದು ಹೇಳಿದ್ದು ಒಂದೇ ಒಂದು ಬಾಯಿ. ಜಾಹೀರಾತಿನಲ್ಲಿ ಫೋನ್ ನಂಬರು ಮಾತ್ರ ಇತ್ತು, ವಿಳಾಸ ಇರಲಿಲ್ಲ. ಫೋನಿನಲ್ಲಿ ಕೇಳಿ ವಿಳಾಸ ಬರೆದುಕೊಂಡ ಚೀಟಿ ಅವನ ಜೇಬಿನಲ್ಲೇ ಮಡಚಿಕೊಂಡಿತ್ತು. ದಾರಿಯಲ್ಲಿ ಅದನ್ನು ತೆಗೆದು ಓದಿ ಹೇಳಬೇಕಾದ ಪ್ರಸಂಗವೇ ಬಂದಿರಲಿಲ್ಲ. ಗಾಡಿ ಮೂರು ಕಡೆ ತಿರುಗಿ, ಒಂದು ಓಣಿ ಹಾದು, ಯಾರನ್ನೂ ಕೇಳದೆ ನೇರ ಈ ಗೇಟಿನ ಮುಂದೆಯೇ ನಿಂತಿತ್ತು.

ಅವನು ನಿಧಾನವಾಗಿ ಹಿಂದಕ್ಕೆ ತಿರುಗಿದ.

ಡಾಕ್ಟರು ಆಗಲೇ ಅಕ್ಕನ ಎದುರು ಮೊಣಕಾಲೂರಿ ಕೂತಿದ್ದರು. ಚೀಲ ತೆರೆದಿತ್ತು. ಮಾತ್ರೆ ತೆಗೆಯುತ್ತಾರೆಂದು ಅಕ್ಕ ಅಭ್ಯಾಸಬಲದಿಂದ ಅಂಗೈ ಚಾಚಿದಳು. ಅವರ ಕೈ ಮಾತ್ರೆಯ ಡಬ್ಬಿಗಳನ್ನೂ ರಕ್ತದೊತ್ತಡ ನೋಡುವ ಪಟ್ಟಿಯನ್ನೂ ದಾಟಿ, ತಳದಲ್ಲಿದ್ದ ಹತ್ತಿಯ ಸುರುಳಿಯೊಳಗೆ ಇಳಿಯಿತು. ಎಂಟು ವರ್ಷ, ವಾರಕ್ಕೊಮ್ಮೆ, ಆ ಚೀಲ ಅಕ್ಕನ ಮನೆಗೆ ಬಂದಿತ್ತು, ಅವಳ ಮಂಚದ ಮೇಲೆ ಕೂತಿತ್ತು, ಹಾಗೇ ವಾಪಸ್ಸು ಹೋಗಿತ್ತು.

"ಅವನು ಯಾರ ಋಣಾನೂ ಒಂದು ದಿನ ಹೆಚ್ಚು ಇಟ್ಟುಕೊಳ್ಳೋನಲ್ಲ, ಅಕ್ಕ," ಎಂದರು ಡಾಕ್ಟರು. ಅವರ ಕಣ್ಣು ಅವಳ ಮುಖದ ತನಕ ಏಳಲಿಲ್ಲ. "ಸರಿಯಾಗಿ ತಿಂಗಳು ತುಂಬಿದ ದಿನ ನನ್ನ ಕೈಲಿ ಕಳಿಸಿದ್ದ. ನಾನೇ ಕೊಡಲಿಲ್ಲ."

ಒಂದಿಷ್ಟೂ ಮಸಿ ಹಿಡಿಯದ, ಅಪ್ಪನ ಸೂಜಿಯ ಗುಳಿಗಳು ಹಾಗೇ ಉಳಿದಿದ್ದ ಹಿತ್ತಾಳೆಯ ಅಂಗುಸ್ತಾನವನ್ನು ಅವರು ಅವಳ ಅಂಗೈಯ ನಡುವೆ ಇಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿದರು.